ಬಳಗದ ನಕಾಶೆ, ಮನೆಯ ಮಾತು: ಇರಾವತಿ ಕರ್ವೆ ಅವರನ್ನು ಗಡಿಯಿಂದ ಓದುವಾಗ

ಕುಟುಂಬ ಸಂಬಂಧಗಳ ಅಧ್ಯಯನಕ್ಕೆ ದೊಡ್ಡ ಹೆಸರಾದ ಪ್ರೊಫೆಸರ್ ಇರಾವತಿ ಕರ್ವೆ (1905–1970) ಅವರ ಬಗ್ಗೆ ಇವತ್ತು ಮಾತಾಡ್ತೀನಿ. ಪುಣೆಯ ಡೆಕ್ಕನ್ ಕಾಲೇಜಿನಲ್ಲಿದ್ದ ಅವರು 1953ರಲ್ಲಿ ‘ಕಿನ್‌ಶಿಪ್ ಆರ್ಗನೈಸೇಶನ್ ಇನ್ ಇಂಡಿಯಾ’ ಪ್ರಕಟಿಸಿದರು. ಭಾಷಾ ಪ್ರದೇಶ, ಜಾತಿ, ಕುಟುಂಬ ವ್ಯವಸ್ಥೆ ಈ ಮೂರನ್ನು ಅರಿಯದೆ ಭಾರತದ ಸಂಸ್ಕೃತಿ ತಿಳಿಯದು ಎಂಬುದು ಅವರ ನಿಲುವು. ದೇಶವನ್ನು ಉತ್ತರ, ಮಧ್ಯ, ದಕ್ಷಿಣ, ಪೂರ್ವ ಎಂಬ ನಾಲ್ಕು ವಲಯಗಳಾಗಿ ವಿಂಗಡಿಸಿದರು. ಮಹಾರಾಷ್ಟ್ರ ಮಧ್ಯಕ್ಕೆ ಹೋಯಿತು, ಕರ್ನಾಟಕ ದಕ್ಷಿಣಕ್ಕೆ. ಹಂಗಾದ್ರೆ ಸೊಲ್ಲಾಪುರ, ಅಕ್ಕಲಕೋಟ, ಜತ್ತದ ಕನ್ನಡ ಮನೆ ಯಾವ ವಲಯಕ್ಕೆ?

ಕರ್ವೆ ಅವರಿಗೆ ನ್ಯಾಯ ಸಲ್ಲಿಸಿಯೇ ಮುಂದೆ ಹೋಗೋಣ. ಉತ್ತರ–ದಕ್ಷಿಣದ ಪದ್ಧತಿಗಳು ಮಹಾರಾಷ್ಟ್ರದಲ್ಲಿ ಕೂಡುತ್ತವೆ ಎಂದು ಅವರೇ ಗುರುತಿಸಿದ್ದರು. ಅಲ್ಲಿನ ಹಲವು ಜಾತಿಗಳಲ್ಲಿ ಸೋದರಮಾವನ ಮಗಳನ್ನು ತರಬಹುದು. ದಕ್ಷಿಣದಲ್ಲಿ ಅಕ್ಕನ ಮಗಳನ್ನೂ ತರುವುದುಂಟು. ಈ ಭೇದ ಮಾತಿನಲ್ಲೂ ಇದೆ. ಕನ್ನಡದಲ್ಲಿ ತಾಯಿಯ ತಮ್ಮನೂ ಮಾವ, ಹೆಂಡತಿಯ ತಂದೆಯೂ ಮಾವ. ಸೋದರಳಿಯನೂ ಅಳಿಯ, ಮಗಳ ಗಂಡನೂ ಅಳಿಯ. ಮರಾಠಿಯಲ್ಲಿ ಮಾಮಾ ಬೇರೆ, ಸಾಸರಾ ಬೇರೆ. ಭಾಚಾ ಬೇರೆ, ಜಾವಯಿ ಬೇರೆ.

ತೊಡಕು ಬರೋದು ಇಲ್ಲೇ. ಗಡಿಯ ಮನೆಯಲ್ಲಿ ಈ ಎರಡೂ ಪಟ್ಟಿ ಒಂದೇ ನಾಲಿಗೆ ಮೇಲಿರ್ತಾವ. ಕಾಕಾ, ವೈನಿ ಮರಾಠಿಯಿಂದ ಬಂದು ನಮ್ಮವೇ ಆಗ್ಯಾವ. ಅಳಿಯ, ಸೊಸಿ ಜಾಗ ಬಿಟ್ಟಿಲ್ಲ. ‘ಅಳಿಯಾ, ಬಾ’ ಅಂದಾಗ ಆ ಕರೆಯೊಳಗೆ ಒಂದು ಹಳೆಯ ಹಕ್ಕು, ಒಂದು ಚೇಷ್ಟೆ, ಒಮ್ಮೊಮ್ಮೆ ಹೆಣ್ಣುಮಗಳ ಮೇಲೆ ಯಾರೂ ಬಾಯಿಬಿಟ್ಟು ಹೇಳದ ಒತ್ತಡ ಇರುತ್ತದೆ. ಅದೇ ಹುಡುಗನನ್ನು ‘ಭಾಚಾ’ ಅಂದ್ರೆ ಆ ಒತ್ತಡ ಸಡಿಲಾಗುತ್ತದೆ. ಯಾವ ಪದ ಯಾರಿಗೆ ಎಂಬುದನ್ನು 1953ರ ಪುಸ್ತಕ ಹೇಳುತ್ತದೆ. ಯಾವ ಹೊತ್ತಿನಲ್ಲಿ, ಯಾವ ದನಿಯಲ್ಲಿ ಎಂಬುದಕ್ಕೆ ಅದರ ಕೋಷ್ಟಕದಲ್ಲಿ ಜಾಗವಿಲ್ಲ.

ಆ ಜಾಗ ಅವರದೇ ‘ಯುಗಾಂತ’ದಲ್ಲಿ ಸಿಗುತ್ತದೆ. ಮಹಾಭಾರತ ಕುರಿತ ಈ ಮರಾಠಿ ಕೃತಿಯ ಗಾಂಧಾರಿ ಪ್ರಬಂಧದಲ್ಲಿ, ಕಾಡಿಗೆ ಹೋದ ಮುದಿ ದಂಪತಿ ಕಡೆಗಾಲದಲ್ಲಿ ಮನಸ್ಸು ಬಿಚ್ಚಿ ಮಾತಾಡುತ್ತಾರೆ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡದ್ದೇ ಒಂದು ಹೆಣ್ಣಿನ ಮಾತಾಗಿತ್ತು, ಗಂಡನಿಗದು ತಡವಾಗಿ ಕೇಳಿಸಿತು ಎಂದು ನಾನು ಅದನ್ನು ಓದುತ್ತೇನೆ. ವಿದ್ವಾಂಸೆಯ ಕಣ್ಣು ಮೊದಲ ಪುಸ್ತಕದಲ್ಲಿದ್ದರೆ ಕಿವಿ ಇಲ್ಲಿದೆ.

ಇವೆರಡನ್ನೂ ಕೂಡಿಸಿ ಓದುವ ಕೆಲಸ ಸಾಹಿತ್ಯದ ವಿದ್ಯಾರ್ಥಿಗಳಾದ ನಮ್ಮದು. ಕಾಸರಗೋಡಿನ ಅಳಿಯಸಂತಾನದ ಮನೆಗಳಲ್ಲಿ ಹಿಂದೆ ‘ಅಳಿಯ’ ಎಂದರೆ ವಾರಸುದಾರನಾಗಿದ್ದ. ಅಕ್ಕಲಕೋಟದಲ್ಲಿ ಆ ಅರ್ಥವಿಲ್ಲ. ಎರಡೂ ಕನ್ನಡವೇ. ಬರೀ ಸಂಬಂಧಸೂಚಕ ಪದಪಟ್ಟಿ ಮಾಡಿದರೆ ಈ ವ್ಯತ್ಯಾಸ ಒಂದು ಅಡಿಟಿಪ್ಪಣಿಯಾಗಿ ಮುಗಿಯುತ್ತದೆ. ಕ್ಷೇತ್ರಕಾರ್ಯಕ್ಕೆ ಹೋಗುವ ಗೆಳೆಯರು ಪದದ ಜೊತೆಗೆ ಅದನ್ನು ಆಡಿದ ಸಂದರ್ಭವನ್ನೂ, ಆಡದೆ ನುಂಗಿಕೊಂಡವರನ್ನೂ ಬರೆದುಕೊಳ್ಳಲಿ ಎಂಬುದು ನನ್ನ ವಿನಂತಿ. ಚರ್ಚೆಗೆ ನಿಮ್ಮ ಪ್ರಶ್ನೆಗಳು ಬರಲಿ.