ಅನ್ಯಲೋಕದ ಸರಕು: ಒಂದು ಶ್ರವ್ಯಕಥೆಯ ವಿವೇಚನೆ

ಕಾವ್ಯವನ್ನು ದೃಶ್ಯವೆಂದೂ ಶ್ರವ್ಯವೆಂದೂ ಎರಡು ಬಗೆಯಾಗಿ ವಿಭಾಗಿಸುವುದು ನಮ್ಮ ಆಲಂಕಾರಿಕರ ರೂಢಿ. ನಾಟಕವು ಕಣ್ಣಿಗೆ ಕಾಣಬೇಕಾದದ್ದಾದುದರಿಂದ ದೃಶ್ಯದ ಪಂಕ್ತಿಗೆ ಸೇರಿತು. ರೇಡಿಯೋ ಬಂದ ಮೇಲೆ ಈ ಗೆರೆ ಅಷ್ಟೊಂದು ಸ್ಪಷ್ಟವಾಗಿ ಉಳಿಯಲಿಲ್ಲ. ಪಾತ್ರಗಳಿದ್ದು, ಸಂಭಾಷಣೆಯಿದ್ದು, ರಂಗಸ್ಥಳವೇ ಇಲ್ಲದಂಥ ಒಂದು ಹೊಸ ಜಾತಿಯ ನಾಟಕ ಹುಟ್ಟಿಕೊಂಡಿತು. ಅನ್ಯಗ್ರಹಗಳ ಕಥೆಯನ್ನು ಹೇಳಹೊರಟವರಿಗೆ ಇದು ಕೊರತೆಯಾಯಿತೇ, ಅನುಕೂಲವಾಯಿತೇ ಎಂಬುದು ವಿಚಾರಾರ್ಹವಾದ ಪ್ರಶ್ನೆ. ಪ್ರಕೃತ ಲೇಖನದಲ್ಲಿ ನಾವು ಒಂದೇ ಕಥೆಯನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸುತ್ತೇವೆ.

ಕಥೆಯ ಹೆಸರು ‘ದಿ ಲೈಫ್‌ಬೋಟ್ ಮ್ಯೂಟಿನಿ’; ‘ಜೀವರಕ್ಷಕ ನೌಕೆಯ ದಂಗೆ’ ಎಂದು ಕನ್ನಡಿಸಬಹುದು. ಬರೆದವನು ಅಮೆರಿಕದ ರಾಬರ್ಟ್ ಶೆಕ್ಲಿ (1928–2005). 1955ರಲ್ಲಿ ‘ಗ್ಯಾಲಕ್ಸಿ’ ಎಂಬ ಮಾಸಪತ್ರಿಕೆಯಲ್ಲಿ ಪ್ರಕಟವಾದ ಈ ಕಥೆಯನ್ನು ಮರುವರ್ಷವೇ ಎನ್‌ಬಿಸಿ ಸಂಸ್ಥೆಯ ‘ಎಕ್ಸ್ ಮೈನಸ್ ಒನ್’ ಮಾಲಿಕೆಯಲ್ಲಿ ಅರ್ಧ ಗಂಟೆಯ ಶ್ರವ್ಯರೂಪಕವಾಗಿ ಪ್ರಸಾರಮಾಡಿದರು. 1955ರಿಂದ 1958ರವರೆಗೆ ನಡೆದ ಈ ಮಾಲಿಕೆ ‘ಗ್ಯಾಲಕ್ಸಿ’ಯ ಸಹಕಾರದಿಂದ ಅದರ ಅನೇಕ ಕಥೆಗಳನ್ನು ಕಿವಿಗೆ ಒಗ್ಗಿಸಿತು. ಅದರ ಧ್ವನಿಮುದ್ರಣಗಳು ಉಳಿದುಬಂದು ಇಂದಿಗೂ ಕೇಳಲು ದೊರೆಯುತ್ತವೆ.

ಕಥಾವಸ್ತು ಸರಳವಾದುದು. ಗ್ರೆಗರ್ ಮತ್ತು ಆರ್ನಾಲ್ಡ್ ಎಂಬ ಇಬ್ಬರು ಪಾಲುದಾರರು. ಗ್ರಹಗಳನ್ನು ವಾಸಯೋಗ್ಯವನ್ನಾಗಿ ಮಾಡಿಕೊಡುವುದು ಅವರ ಕಸುಬು. ಕೈಯಲ್ಲಿ ಹಣ ಕಡಿಮೆ, ಆಸೆ ಹೆಚ್ಚು. ನೀರೇ ಪ್ರಧಾನವಾದ ಒಂದು ಗ್ರಹದಲ್ಲಿ ಕೆಲಸ ಸಿಕ್ಕಿದಾಗ, ದೋಣಿಯೊಂದನ್ನು ಕೊಳ್ಳಲು ನಕ್ಷತ್ರಾಂತರ ಗುಜರಿ ವ್ಯಾಪಾರಿಯಾದ ಜೋ ಎಂಬವನಲ್ಲಿಗೆ ಬರುತ್ತಾರೆ. ಜೋ ಯಂತ್ರವನ್ನು ಹೊಗಳುತ್ತಾನೆ. ಇವರು ಒಡಲನ್ನು ತಟ್ಟಿ ನೋಡುತ್ತಾರೆ, ತುಕ್ಕಿಲ್ಲದ್ದನ್ನು ಕಂಡು ಮೆಚ್ಚುತ್ತಾರೆ. ಡ್ರೋಮ್ ಎಂಬ ಅನ್ಯಜಾತಿಯವರು ಬಹು ಹಿಂದೆ ಕಟ್ಟಿದ ಜೀವರಕ್ಷಕ ನೌಕೆ ಅದು. ವ್ಯಾಪಾರ ಕುದುರುತ್ತದೆ. ನೀರಿಗಿಳಿದ ಮೇಲೆ ತಿಳಿದುಬರುವುದೇನೆಂದರೆ, ನೌಕೆಗೆ ಬುದ್ಧಿಯುಂಟು, ಮಾತುಂಟು, ಕರ್ತವ್ಯನಿಷ್ಠೆಯುಂಟು. ತನ್ನೊಳಗಿರುವವರನ್ನು ಕಾಪಾಡುವುದೇ ಅದರ ಧರ್ಮ. ಆದರೆ ಒಳಗಿರುವವರು ಡ್ರೋಮ್ ಜನರೇ ಎಂಬುದು ಅದರ ದೃಢವಾದ ನಂಬಿಕೆ. ಆದುದರಿಂದ ಡ್ರೋಮರಿಗೆ ಹಿತವಾದ ಕೊರೆಯುವ ಚಳಿ, ಡ್ರೋಮರಿಗೆ ರುಚಿಯಾದ ಆಹಾರ, ಡ್ರೋಮರ ಶತ್ರುಗಳಿಂದ ದೂರವಾದ ದಾರಿ, ಇವೆಲ್ಲವೂ ಈ ಇಬ್ಬರು ಮನುಷ್ಯರಿಗೆ ಯಥೇಚ್ಛವಾಗಿ ದೊರೆಯುತ್ತವೆ.

ಮೇಲುನೋಟಕ್ಕೆ ಇದು ಹಗುರವಾದ ವಿನೋದ. ಅನೌಚಿತ್ಯವೇ ಹಾಸ್ಯಕ್ಕೆ ವಿಭಾವವೆಂದು ಅಭಿನವಗುಪ್ತನು ಹೇಳಿದ್ದಾನೆ. ಇಲ್ಲಿ ಆ ಅನೌಚಿತ್ಯ ಸ್ಪಷ್ಟವಾಗಿದೆ. ಆದರೆ ಅದರ ಸ್ವರೂಪವನ್ನು ಗಮನಿಸಬೇಕು. ಭರತನು ಹೇಳುವ ವಿಕೃತವೇಷವಾಗಲಿ ವಿಕೃತಾಲಂಕಾರವಾಗಲಿ ಇಲ್ಲಿಲ್ಲ. ಶ್ರವ್ಯಮಾಧ್ಯಮದಲ್ಲಿ ಅದಕ್ಕೆ ಎಡೆಯೂ ಇಲ್ಲ. ನೌಕೆಯ ಒಂದೊಂದು ಕ್ರಿಯೆಯೂ ತನ್ನಷ್ಟಕ್ಕೆ ಉಚಿತವೇ. ಅದು ಸುಳ್ಳಾಡುವುದಿಲ್ಲ, ದ್ವೇಷಿಸುವುದಿಲ್ಲ, ಸೇವೆಯಲ್ಲಿ ಉದಾಸೀನ ತೋರುವುದಿಲ್ಲ. ಸೇವೆ ಮಾತ್ರ ಎದುರಿಗಿರುವವನಿಗಲ್ಲ, ತಾನು ಕಲ್ಪಿಸಿಕೊಂಡವನಿಗೆ ಸಲ್ಲುತ್ತಿದೆ. ಪ್ರಯಾಣಿಕರ ಪ್ರತಿಭಟನೆಯೂ ಆ ನಂಬಿಕೆಯನ್ನು ಕದಲಿಸಲಾರದು. ಉಪಕಾರಿಯಾದವನು ಕಿವಿಗೊಡದೆ ಹೋದರೆ ಅವನ ಉಪಕಾರವೇ ಸೆರೆಮನೆಯಾಗುವುದೆಂಬ ಅರಿವು ನಗೆಯ ನಡುವೆಯೇ ನಮ್ಮಲ್ಲಿ ಮೂಡುತ್ತದೆ. ಹಾಸ್ಯದ ಬೆನ್ನಿಗೇ ಭಯಾನಕವು ನಿಂತಿರುವುದು ಈ ಕಥೆಯ ವಿಶೇಷ.

ಶ್ರವ್ಯರೂಪದ ಸಾರ್ಥಕತೆ ಇಲ್ಲಿಯೇ ವ್ಯಕ್ತವಾಗುತ್ತದೆ. ಮುದ್ರಿತ ಕಥೆಯಲ್ಲಿ ನೌಕೆಗೊಂದು ಆಕಾರವಿದೆ. ಒಡಲು, ಗುಂಡಿಗಳು, ಸಲಕರಣೆಗಳು ವರ್ಣಿತವಾಗಿವೆ. ಓದುಗನು ಅದನ್ನು ಯಂತ್ರವೆಂದು ಮೊದಲೇ ವಿಂಗಡಿಸಿಕೊಂಡಿರುತ್ತಾನೆ. ಧ್ವನಿಯಲ್ಲಿ ಈ ವಿಂಗಡಣೆ ನಿಲ್ಲದು. ಅಲ್ಲಿ ಗ್ರೆಗರನೂ ಒಂದು ದನಿ, ಆರ್ನಾಲ್ಡನೂ ಒಂದು ದನಿ, ನೌಕೆಯೂ ಒಂದು ದನಿ. ಮೂವರಿಗೂ ಸಮಾನವಾದ ಅಸ್ತಿತ್ವ; ವಾದದಲ್ಲಿ ಸಮಾನವಾದ ಅಧಿಕಾರ. ಇದಲ್ಲದೆ, ನೌಕೆಯಂತೆ ಕೇಳುಗನಿಗೂ ಪ್ರಯಾಣಿಕರು ಕಾಣಿಸುವುದಿಲ್ಲ. ಅವರು ಮನುಷ್ಯರೆಂಬುದಕ್ಕೆ ನಮಗಿರುವ ಪ್ರಮಾಣವೂ ಅವರ ಮಾತೊಂದೇ. ಅದೇ ಮಾತನ್ನು ನೌಕೆ ನಂಬಲೊಲ್ಲದು, ನಾವು ನಂಬುತ್ತೇವೆ. ಇಂಥ ಸನ್ನಿವೇಶವನ್ನು ಕಣ್ಣಿಗೆ ತೋರಿಸಿದರೆ ನೌಕೆಯು ಕೇವಲ ಕುರುಡಾಗಿ ಕಾಣುತ್ತದೆ. ಕಿವಿಗೆ ಕೇಳಿಸಿದಾಗ ಅದರ ತಪ್ಪು ನಮ್ಮಿಂದಲೂ ಆಗಬಹುದಾದ ತಪ್ಪಾಗಿ ತೋರುತ್ತದೆ. ರಂಗಸ್ಥಳದ ಅಭಾವವು ಈ ಕಥೆಯ ಮಟ್ಟಿಗೆ ಕೊರತೆಯಲ್ಲ, ಲಾಭವೇ ಸರಿ.

ಇನ್ನು ಸಂತೆಯ ವಿಷಯ. ಗುಜರಿಯ ಪ್ರಸಂಗವು ಕಥೆಯ ಪೀಠಿಕೆ ಮಾತ್ರವೆಂದು ಕೆಲವರು ಎಣಿಸಬಹುದು. ನಮ್ಮ ಮತದಲ್ಲಿ ಕಥೆಯ ಅರ್ಥವೆಲ್ಲ ಅಲ್ಲಿಯೇ ಬೀಜರೂಪದಲ್ಲಿದೆ. ಕೊಳ್ಳುವವರು ಪರೀಕ್ಷಿಸಿದ್ದು ಲೋಹವನ್ನು, ಯಂತ್ರವನ್ನು. ಇದನ್ನು ಯಾರಿಗಾಗಿ ಕಟ್ಟಿದರು ಎಂಬ ಒಂದು ಪ್ರಶ್ನೆಯ ಗುರುತ್ವವು ಅವರಿಗೆ ಹೊಳೆಯಲಿಲ್ಲ. ಡ್ರೋಮ್ ಜನರು ಕಥೆಯಲ್ಲಿ ಎಲ್ಲಿಯೂ ಪ್ರವೇಶಿಸುವುದಿಲ್ಲ. ಆದರೂ ಅವರ ಹವೆ, ಆಹಾರ, ಭಯ, ದ್ವೇಷಗಳೆಲ್ಲವೂ ಅವರು ಮಾಡಿದ ವಸ್ತುವಿನೊಳಗೆ ಜೀವಂತವಾಗಿವೆ. ಒಂದು ಜನಾಂಗದ ಸರಕನ್ನು ಕೊಂಡವನು ಆ ಜನಾಂಗದ ಬಾಳುವೆಯ ಕಲ್ಪನೆಯನ್ನೂ ತನಗರಿಯದಂತೆ ಮನೆಗೆ ತರುತ್ತಾನೆ. ಅನ್ಯಗ್ರಹವೆಂಬುದು ಇಲ್ಲಿ ಬರಿಯ ಅಲಂಕಾರವಲ್ಲ. ನಿತ್ಯದ ಕೊಳುಕೊಡುಗೆಯಲ್ಲಿ ಮರೆಯಾಗಿರುವ ಈ ಸತ್ಯವನ್ನು ಕಾಣುವಷ್ಟು ದೊಡ್ಡದುಮಾಡುವ ಸಾಧನ.

ಇದೇ ಲೇಖಕನ ‘ಸಮ್‌ಥಿಂಗ್ ಫಾರ್ ನಥಿಂಗ್’ ಎಂಬ ಕಥೆಯೊಡನೆ ಹೋಲಿಸಿದರೆ ಈ ಅಂಶ ಇನ್ನಷ್ಟು ವಿಶದವಾಗುತ್ತದೆ. 1954ರ ಈ ಕಥೆಯೂ 1957ರಲ್ಲಿ ಅದೇ ಮಾಲಿಕೆಯಲ್ಲಿ ಪ್ರಸಾರವಾಯಿತು. ಅಲ್ಲಿ ಕಾಲಿನ್ಸ್ ಎಂಬವನಿಗೆ ಕೇಳಿದ್ದನ್ನೆಲ್ಲ ಕೊಡುವ ಯಂತ್ರ ಅಕಸ್ಮಾತ್ತಾಗಿ ಸಿಗುತ್ತದೆ. ಅರಮನೆ, ಐಶ್ವರ್ಯ, ಕಡೆಗೆ ಅಮರತ್ವ, ಎಲ್ಲವನ್ನೂ ಪಡೆಯುತ್ತಾನೆ; ಲೆಕ್ಕದ ಚೀಟಿ ಆಮೇಲೆ ಬರುತ್ತದೆ. ಸಾಲ ತೀರುವ ತನಕ ಕಲ್ಲುಗಣಿಯಲ್ಲಿ ದುಡಿಯಬೇಕು. ಅಮರನಾದವನಿಗೆ ಸಾವಿನ ಬಿಡುಗಡೆಯೂ ಇಲ್ಲ. ಅಲ್ಲಿ ಬಚ್ಚಿಟ್ಟದ್ದು ಬೆಲೆಯನ್ನು. ಇಲ್ಲಿ ಬಚ್ಚಿಟ್ಟದ್ದು ವಸ್ತುವಿನ ಸ್ವಧರ್ಮವನ್ನು. ಮೊದಲನೆಯದು ಲೋಭಕ್ಕೆ ಸಲ್ಲುವ ನೀತಿಪಾಠವಾಗಿ ಮುಗಿಯುತ್ತದೆ. ಎರಡನೆಯದರಲ್ಲಿ ದೋಷಿ ಯಾರೆಂದು ಬೆರಳಿಟ್ಟು ತೋರಿಸುವುದು ಕಷ್ಟ. ಆದುದರಿಂದಲೇ ಅದು ಹೆಚ್ಚು ಕಾಲ ಮನಸ್ಸಿನಲ್ಲಿ ನಿಲ್ಲುತ್ತದೆ.

ಕಥೆಯಲ್ಲಿ ದೋಷವಿಲ್ಲವೆಂದು ಹೇಳುವಂತಿಲ್ಲ. ಗ್ರೆಗರ್ ಮತ್ತು ಆರ್ನಾಲ್ಡರ ಸ್ವಭಾವಗಳು ಆಳವಾಗಿ ಚಿತ್ರಿತವಾಗಿಲ್ಲ. ನೌಕೆಯೇ ಅವರಿಬ್ಬರಿಗಿಂತ ತುಂಬಿದ ಪಾತ್ರ. ಜೋವಿನ ಹೊಣೆಯನ್ನು ಲೇಖಕನು ವಿಚಾರಿಸುವುದಿಲ್ಲ. ನೌಕೆಯ ನಂಬಿಕೆಯನ್ನೇ ಉಪಾಯವಾಗಿ ಬಳಸಿಕೊಂಡು ಇಬ್ಬರೂ ಪಾರಾಗುವುದು ಚಮತ್ಕಾರವಾಗಿದೆ. ಆದರೆ ಆ ಚಮತ್ಕಾರವು ಎದ್ದ ಪ್ರಶ್ನೆಯನ್ನು ಬಗೆಹರಿಸದೆ ಬದಿಗೆ ಸರಿಸುತ್ತದೆ. ನೌಕೆಗೆ ತನ್ನ ತಪ್ಪು ತಿಳಿಯುವುದೇ ಇಲ್ಲ.

ಆದರೂ ಈ ಬಗೆಯ ಕಥೆಗಳನ್ನು ಕಾಲಹರಣದ ಸಾಮಗ್ರಿಯೆಂದು ತಳ್ಳಿಹಾಕುವುದು ನ್ಯಾಯವಲ್ಲ. ನಮ್ಮ ಹಿತವನ್ನು ನಮಗಿಂತ ಚೆನ್ನಾಗಿ ಬಲ್ಲೆವೆಂದು ಮಾತನಾಡುವ ಯಂತ್ರಗಳು ಇಂದು ಕಥೆಯ ಹೊರಗೂ ಬಂದಿವೆ. ಅವನ್ನು ಯಾರು, ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದರು ಎಂದು ಕೇಳುವ ಅಭ್ಯಾಸವನ್ನು, 1956ರ ಅರ್ಧ ಗಂಟೆಯ ವಿನೋದವೊಂದು ಕಲಿಸಬಲ್ಲುದಾದರೆ, ಅದು ನಮ್ಮ ತರಗತಿಗಳಲ್ಲಿ ಕೇಳಲು ಅರ್ಹವಾದ ಕೃತಿಯೆಂಬುದರಲ್ಲಿ ಸಂದೇಹವಿಲ್ಲ.