ಡಮ್ಮಿ ಪತ್ರಿಕೆ ಮತ್ತು ಕುರುಕ್ಷೇತ್ರದ ಕರಪತ್ರ

ಪತ್ರಿಕೋದ್ಯಮ ಓದುವ ಹುಡುಗ ಹುಡುಗಿಯರಿಗೆ ಒಂದು ಪ್ರಾಜೆಕ್ಟ್ ಕೊಡುವುದುಂಟು: ನಿಮ್ಮದೇ ವಯಸ್ಸಿನವರಿಗಾಗಿ ಒಂದು ಮನರಂಜನಾ ಪತ್ರಿಕೆ ರೂಪಿಸಿ, ಮೊದಲು ಸಮೀಕ್ಷೆ ಮಾಡಿ, ಆಮೇಲೆ ಡಮ್ಮಿ, ಅಂದರೆ ಮಾದರಿ ಸಂಚಿಕೆ, ತನ್ನಿ. ಕೆಲಸ ಒಳ್ಳೆಯದೇ. ಆದರೆ ತುಮಕೂರು ಸೀಮೆಯ ಮಕ್ಕಳು ಮಾಡಿದ ಇಂಥ ಡಮ್ಮಿಗಳನ್ನು ತಿರುವಿ ಹಾಕಿದಾಗ ಕಾಣುವುದು ಒಂದೇ ಮುಖ. ರಕ್ಷಾಪುಟದಲ್ಲಿ ಸ್ಟಾರ್ ನಟ, ಎರಡನೇ ಪುಟದಲ್ಲಿ ಸಂಪಾದಕರ ಮಾತು, ನಡುವೆ ಹೊಸ ಚಿತ್ರದ ಸುದ್ದಿ, ಮೊಡವೆಗೆ ಮನೆಮದ್ದು, ರಾಶಿಫಲ, ಕೊನೆಗೆ ಪದಬಂಧ. ಹುಡುಗರು ಶಿರಾದಿಂದ ಬಂದಿರಲಿ, ಕೊರಟಗೆರೆಯಿಂದ ಬಂದಿರಲಿ, ಪತ್ರಿಕೆ ಮಾತ್ರ ಬೆಂಗಳೂರಿನ ಜಯನಗರದಲ್ಲಿ ಹುಟ್ಟಿದಂತಿರುತ್ತದೆ.

ತಪ್ಪು ವಿನ್ಯಾಸದಲ್ಲಿಲ್ಲ, ಅದಕ್ಕೂ ಮುಂಚೆ ನಡೆಯುವ ಸಮೀಕ್ಷೆಯಲ್ಲಿದೆ. ಪ್ರಶ್ನಾವಳಿ ಹೋಗುವುದು ಪಕ್ಕದ ಬೆಂಚಿನವರಿಗೆ, ಹೆಚ್ಚೆಂದರೆ ಹಾಸ್ಟೆಲ್ಲಿನ ವಾಟ್ಸ್ಆ್ಯಪ್ ಗುಂಪಿಗೆ. ‘ನಿಮಗೆ ಸಿನಿಮಾ ಇಷ್ಟವೇ?’ ಎಂದು ಕೇಳಿದರೆ ಇಲ್ಲ ಎನ್ನುವವರು ಯಾರು? ಉತ್ತರಗಳನ್ನು ಬಣ್ಣದ ಚಕ್ರವಾಗಿ ಕತ್ತರಿಸಿ ವರದಿಗೆ ಅಂಟಿಸುತ್ತಾರೆ. ‘ಕೊನೆಯ ಸಲ ಯಾವ ಪತ್ರಿಕೆಗೆ ಕೈಯಿಂದ ದುಡ್ಡು ಕೊಟ್ಟಿರಿ? ಎಷ್ಟು ಕೊಟ್ಟಿರಿ? ಅದರಲ್ಲಿ ಮೊದಲು ಯಾವ ಪುಟ ತೆಗೆದಿರಿ?’ ಈ ಮೂರು ಪ್ರಶ್ನೆ ಇರುವ ಪ್ರಶ್ನಾವಳಿ ನನ್ನ ಕಣ್ಣಿಗೆ ಬಿದ್ದಿಲ್ಲ.

ಹಾಗೆಂದು ಹುಡುಗರನ್ನೇ ದೂರುವುದು ನ್ಯಾಯವಲ್ಲ. ದೊಡ್ಡವರೇನು ಸಮೀಕ್ಷೆ ಮಾಡಿ ಪತ್ರಿಕೆ ಕಟ್ಟಿದರೇ? 1965ರಲ್ಲಿ ‘ಸುಧಾ’ ಬಂದಾಗ ಅದರ ಸಂಶೋಧನೆ ಎಲ್ಲ ನಡೆದದ್ದು ಅಂಚೆ ಚೀಲದಲ್ಲಿ. ಬೀchi ಅವರ ‘ನೀವು ಕೇಳಿದಿರಿ?’ ಅಂಕಣಕ್ಕೆ ನಾಡಿನ ಮೂಲೆ ಮೂಲೆಯಿಂದ ಬರುತ್ತಿದ್ದ ಕಾರ್ಡುಗಳು ಓದುಗ ಯಾರು, ಅವನಿಗೆ ಏನು ತಮಾಷೆ, ಯಾವುದು ಸಂಕಟ ಎಂಬುದನ್ನು ಯಾವ ಸಮೀಕ್ಷೆಗಿಂತಲೂ ಚೆನ್ನಾಗಿ ಹೇಳುತ್ತಿದ್ದವು. ಮಣಿಪಾಲದಿಂದ 1983ರಲ್ಲಿ ಹೊರಟ ‘ತರಂಗ’ ಕೂಡ ಮನೆಮಂದಿಯೆಲ್ಲ ಓದುವ ಪತ್ರಿಕೆ. ಹದಿನೆಂಟರ ಹುಡುಗನಿಗೆ, ಇಪ್ಪತ್ತರ ಹುಡುಗಿಗೆ ಅಲ್ಲಿ ಸಿಗುತ್ತಿದ್ದುದು ಅಪ್ಪ ಓದಿ ಇಟ್ಟ ಮೇಲೆ ಉಳಿದ ಪುಟಗಳು. ಕಲ್ಕತ್ತೆಯಲ್ಲಿ ಡೆಸ್ಮಂಡ್ ಡಾಯ್ಗ್ 1967ರಿಂದ ಹತ್ತು ವರ್ಷ ‘ಜೆ.ಎಸ್.’ ಎಂಬ ಇಂಗ್ಲಿಷ್ ಯುವ ಪತ್ರಿಕೆ ನಡೆಸಿದರು. ಅಂಥದೊಂದು ಕನ್ನಡದಲ್ಲಿ ಆಗ ಏಳಲಿಲ್ಲ. ‘ರೂಪತಾರಾ’, ‘ವಿಜಯಚಿತ್ರ’ಗಳಿದ್ದವು ನಿಜ, ಆದರೆ ಅವು ಸಿನಿಮಾದ ಪತ್ರಿಕೆಗಳು. ಸಿನಿಮಾ ನೋಡುವ ಹುಡುಗನ ಪತ್ರಿಕೆಗಳಲ್ಲ.

ಟೆಂಟ್ ಸಿನಿಮಾ ಹತ್ತಿರ ಮಾರುತ್ತಿದ್ದ ಹಾಡಿನ ಪುಸ್ತಕವನ್ನು ಯುವಕರ ಪತ್ರಿಕೆಯ ಲೆಕ್ಕದಿಂದ ಯಾರೂ ಸರಿಯಾಗಿ ನೋಡಿಲ್ಲ. ನಾಲ್ಕೆಂಟು ಪುಟದ ತೆಳು ಕಾಗದ, ಮೇಲೆ ಮಸುಕಾದ ಒಂದು ಸ್ಟಿಲ್, ಒಳಗೆ ಕಥಾ ಸಾರಾಂಶ. ಕಥೆ ಅರ್ಧಕ್ಕೆ ನಿಂತು ‘ಉಳಿದದ್ದನ್ನು ಬೆಳ್ಳಿತೆರೆಯ ಮೇಲೆ ನೋಡಿ ಆನಂದಿಸಿ’ ಅನ್ನುತ್ತಿತ್ತು. ಅಕ್ಷರ ತಪ್ಪುಗಳಿಗೆ ಲೆಕ್ಕವಿರಲಿಲ್ಲ. ಆದರೂ ಹುಡುಗರು ಸ್ವಂತ ಚಿಲ್ಲರೆ ಕೊಟ್ಟು ಕೊಂಡರು, ಜೇಬಲ್ಲಿ ಮಡಚಿ ಇಟ್ಟುಕೊಂಡರು. ಬ್ರಿಟನ್ನಿನಲ್ಲಿ 1978ರಲ್ಲಿ ಶುರುವಾದ ‘ಸ್ಮ್ಯಾಶ್ ಹಿಟ್ಸ್’ ಹದಿಹರೆಯದವರನ್ನು ಹಿಡಿದದ್ದೂ ಇದೇ ದಾರಿಯಲ್ಲಿ: ಜನಪ್ರಿಯ ಹಾಡುಗಳ ಸಾಹಿತ್ಯವನ್ನು ಅಚ್ಚುಕಟ್ಟಾಗಿ ಮುದ್ರಿಸಿ ಕೊಟ್ಟಿತು. ಲಕ್ಷಗಟ್ಟಲೆ ಪ್ರತಿ ಮಾರಿದ ಆ ಪತ್ರಿಕೆಯೂ 2006ಕ್ಕೆ ನಿಂತಿತು. ಕೊಂಡವನು ಹಾಡಬಹುದಾದ್ದನ್ನು, ಕೈಯಲ್ಲಿ ಹಿಡಿದು ಬಳಸಬಹುದಾದ್ದನ್ನು ಕೊಟ್ಟ ಕಡೆ ಕಾಗದಕ್ಕೆ ಬೆಲೆ ಬಂದಿದೆ. ನಟನ ಮುಖ ಮಾತ್ರ ಕೊಟ್ಟ ಕಡೆ ಪೋಸ್ಟರೇ ಸಾಕಾಗಿದೆ.

ಕನ್ನಡದ ಯುವಕನನ್ನು ನೇರವಾಗಿ ಹೆಸರು ಹಿಡಿದು ಕರೆದಂತೆ ಮಾತಾಡಿಸಿದ ಪತ್ರಿಕೆ ಎಂದರೆ ರವಿ ಬೆಳಗೆರೆಯವರ ‘ಓ ಮನಸೇ’. ಅವರದೇ ‘ಹಾಯ್ ಬೆಂಗಳೂರು!’ 1995ರಲ್ಲಿ ಕಪ್ಪು ಬಿಳುಪಿನಲ್ಲಿ ಬಂದು ಕ್ರೈಂ, ರಾಜಕೀಯ, ಖಾಸಗಿ ಮಾತು ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕಿ ಗೆದ್ದ ಮೇಲೆ, ಆ ಓದುಗರಲ್ಲಿ ಚಿಕ್ಕವರಿಗಾಗಿ ಬೇರೆ ಮನೆ ಮಾಡಿದಂತೆ ಈ ಪಾಕ್ಷಿಕ ಹುಟ್ಟಿತು. ಪ್ರೀತಿ, ಒಡೆದ ಪ್ರೀತಿ, ಕೆಲಸ ಸಿಗದ ಸಿಟ್ಟು, ಅಪ್ಪನ ಜೊತೆ ಮಾತು ಬಿಟ್ಟ ಮಗ, ಊರು ಬಿಟ್ಟು ಬಂದ ಹುಡುಗಿಯ ಒಂಟಿತನ, ಇವು ಪತ್ರಿಕೆಯ ವಿಷಯವಾಗಬಲ್ಲವು ಎಂದು ಒಪ್ಪಿಕೊಂಡದ್ದೇ ಅದರ ದೊಡ್ಡತನ. ಸಿನಿಮಾ ತಾರೆಯಿಲ್ಲದೆಯೂ ಯುವಕರಿಗೆ ರಂಜನೆ ಕೊಡಬಹುದು ಎಂದು ಅದು ತೋರಿಸಿತು. ಬೆಳಗೆರೆಯವರ ವಾಕ್ಯ ಓದುಗನ ಹೆಗಲ ಮೇಲೆ ಕೈ ಹಾಕುತ್ತದೆ. ಅದನ್ನು ಕಲಿಸಿಕೊಡುವ ಕಾಲೇಜು ಇಲ್ಲ.

ಆದರೆ ‘ಓ ಮನಸೇ’ಯ ಮಿತಿಯೂ ಅಲ್ಲೇ ಇತ್ತು. ಪತ್ರಿಕೆಯ ತುಂಬ ಕೇಳಿಸುತ್ತಿದ್ದುದು ಒಬ್ಬರದೇ ದನಿ. ಓದುಗ ತನ್ನ ಗಾಯ ತೋರಿಸುತ್ತಿದ್ದ, ಬೆಳಗೆರೆ ಅಣ್ಣನಂತೆ ಸಮಾಧಾನ ಹೇಳುತ್ತಿದ್ದರು. ಇಪ್ಪತ್ತರ ವಯಸ್ಸಿನವರು ಒಬ್ಬರಿಗೊಬ್ಬರು ಏನು ಹೇಳಿಕೊಳ್ಳುತ್ತಾರೆ, ಹೇಗೆ ನಗುತ್ತಾರೆ, ಯಾರನ್ನು ಗೇಲಿ ಮಾಡುತ್ತಾರೆ ಎಂಬುದು ಅಲ್ಲಿ ಕಡಿಮೆಯಿತ್ತು. ಸಂಪಾದಕನ ಖ್ಯಾತಿಯ ಮೇಲೆ ನಿಂತ ಪತ್ರಿಕೆಗೆ ಸಂಪಾದಕನ ನಂತರ ಆಯುಷ್ಯವಿಲ್ಲ ಎನ್ನುವ ಮಾತು 2020ರ ನವೆಂಬರಿನಲ್ಲಿ ಬೆಳಗೆರೆ ತೀರಿಕೊಂಡಾಗ ಅನೇಕರ ಮನಸ್ಸಿಗೆ ಬಂದದ್ದು ಸುಳ್ಳಲ್ಲ. ದಿನಪತ್ರಿಕೆಗಳ ಯುವ ಪುರವಣಿಗಳಂತೂ, ಪ್ರಜಾವಾಣಿಯ ‘ಕಾಮನಬಿಲ್ಲು’, ಉದಯವಾಣಿಯ ‘ಜೋಶ್’, ವಿಜಯ ಕರ್ನಾಟಕದ ‘ಲವಲವಿಕೆ’, ಚುರುಕಾಗಿಯೇ ಇದ್ದವು. ಆದರೆ ಪುರವಣಿ ಪುಕ್ಕಟೆ ಬರುತ್ತದೆ. ಓದುಗನಿಗೆ ಅದು ಬೇಕಿತ್ತೋ ಬೇಡವೋ ಎಂಬುದು ಕೊನೆಗೂ ಗೊತ್ತಾಗುವುದಿಲ್ಲ.

ಈ ಪತ್ರಿಕೆಗಳ ಕಣ್ಣಿಗೆ ಬೀಳದ ಓದುಗನನ್ನು ಹುಡುಕಿ ಈಗ ಮದಲೂರಿಗೆ ಬರೋಣ. ಶಿರಾ ತಾಲ್ಲೂಕಿನ ಈ ಊರು ರಾಜ್ಯದ ಪತ್ರಿಕೆಗಳಿಗೆ ಗೊತ್ತಾಗಿದ್ದು ಕೆರೆಯಿಂದ. 2020ರ ಶಿರಾ ಉಪಚುನಾವಣೆಯಲ್ಲಿ ಮದಲೂರು ಕೆರೆಗೆ ಹೇಮಾವತಿ ನೀರು ಹರಿಸುತ್ತೇವೆಂದು ಆಗಿನ ಮುಖ್ಯಮಂತ್ರಿ ಯಡಿಯೂರಪ್ಪ ಮಾತು ಕೊಟ್ಟರು, ಊರಿನ ಹೆಸರು ದಿನವೂ ಟಿ.ವಿ.ಯಲ್ಲಿ ಬಂತು. ಊರಿನ ಹುಡುಗರ ಬಗ್ಗೆ ಒಂದು ಸಾಲೂ ಬರಲಿಲ್ಲ. ಅವರು ಯಾರು? ಗಡಿಯಾಚೆ ಮಡಕಶಿರಾ, ರೊಳ್ಳ, ಅಗಳಿಗಳಲ್ಲಿ ಕನ್ನಡ ಮಾತಾಡುವ ನೆಂಟರಿರುವವರು. ಈಚೆ ಪಾವಗಡದಲ್ಲಿ ತೆಲುಗು ಮಾತಾಡುವ ಗೆಳೆಯರಿರುವವರು. ಬೆಳಿಗ್ಗೆ ಪಾಳಿಗೆ ವಸಂತನರಸಾಪುರದ ಕಾರ್ಖಾನೆಗಳಿಗೆ ಹೋಗುವವರು. ತಿರುಮಣಿ ಸುತ್ತಿನ ಸೋಲಾರ್ ಪಾರ್ಕಿನಲ್ಲಿ ಪ್ಯಾನೆಲ್ ಒರೆಸುವ, ಕಾವಲು ಕಾಯುವ ಕೆಲಸ ಹಿಡಿದವರು. ಪೊಲೀಸ್ ಕಾನ್‌ಸ್ಟೆಬಲ್ ಪರೀಕ್ಷೆಗೆ ನಸುಕಿನಲ್ಲಿ ಓಡುವವರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಟಿಕೆಟ್ ದುಡ್ಡಿಲ್ಲದೆ ಸರ್ಕಾರಿ ಬಸ್ಸಿನಲ್ಲಿ ಶಿರಾ, ತುಮಕೂರು ಕಾಲೇಜಿಗೆ ಹೋಗಿ ಬರುವ ಹುಡುಗಿಯರು. ಪವನ್ ಕಲ್ಯಾಣ್ ಚಿತ್ರಕ್ಕೂ ಯಶ್ ಚಿತ್ರಕ್ಕೂ ಒಂದೇ ಉಸಿರಿನಲ್ಲಿ ಶಿಳ್ಳೆ ಹಾಕುವ ಈ ಓದುಗನಿಗೆ ತೆಲುಗು ಸಿನಿಮಾ ಹೆಸರೇ ಎತ್ತದ ಕನ್ನಡ ಪತ್ರಿಕೆ ಕೊಟ್ಟರೆ, ಅವನು ಅರ್ಧ ಮಾತ್ರ ನಿಮ್ಮವನು. ಭಾಷಾಭಿಮಾನದ ಪ್ರಶ್ನೆ ಬೇರೆ. ಮಾರುಕಟ್ಟೆ ಅರಿಯುವ ಪ್ರಶ್ನೆ ಬೇರೆ.

ಇಂಡಿಯನ್ ರೀಡರ್‌ಶಿಪ್ ಸರ್ವೆ ಹನ್ನೆರಡು ವರ್ಷ ದಾಟಿದವರಲ್ಲಿ ಯಾರು ಏನು ಓದುತ್ತಾರೆಂದು ಎಣಿಸುತ್ತಿತ್ತು. 2019ರ ನಂತರ ಅದೂ ವರ್ಷಗಟ್ಟಲೆ ನಿಂತುಹೋಯಿತು. ಅಂದರೆ ಇವತ್ತು ಪತ್ರಿಕೆ ಮಾಡಲು ಹೊರಟವನಿಗೆ ದೊಡ್ಡ ಅಂಕಿ ಅಂಶದ ಆಸರೆಯಿಲ್ಲ, ಊರಿಗೆ ಹೋಗುವುದೊಂದೇ ದಾರಿ. ಊರಿಗೆ ಹೋದವನು ಮೊದಲು ಕೈಗೆತ್ತಿಕೊಳ್ಳಬೇಕಾದ ಕಾಗದ ನಾಟಕದ ಕರಪತ್ರ.

ಶಿರಾ, ಮಧುಗಿರಿ, ಕೊರಟಗೆರೆ ಕಡೆಯ ಹಳ್ಳಿಗಳಲ್ಲಿ ಜಾತ್ರೆ, ಹಬ್ಬದ ನೆಪದಲ್ಲಿ ‘ಕುರುಕ್ಷೇತ್ರ’ ಆಡುತ್ತಾರಲ್ಲ, ಅದರ ಕರಪತ್ರವನ್ನು ವಿನ್ಯಾಸಗಾರನ ಕಣ್ಣಿನಿಂದ ಒಮ್ಮೆ ನೋಡಿ. ಗುಲಾಬಿಯೋ ಹಳದಿಯೋ ಕಾಗದ. ತಲೆಯಲ್ಲಿ ಗ್ರಾಮದೇವತೆಯ ಹೆಸರು, ‘ಕೃಪಾಪೋಷಿತ ನಾಟಕ ಮಂಡಳಿ’. ದಪ್ಪಕ್ಷರದಲ್ಲಿ ನಾಟಕದ ಹೆಸರು, ‘ಅಥವಾ’ ಎಂದು ಇನ್ನೊಂದು ಹೆಸರು. ಕೆಳಗೆ ಪಾತ್ರವರ್ಗ: 1ನೇ ಕೃಷ್ಣ, 2ನೇ ಕೃಷ್ಣ, 1ನೇ ದುರ್ಯೋಧನ, 2ನೇ ದುರ್ಯೋಧನ. ಒಂದೇ ಪಾತ್ರಕ್ಕೆ ಇಬ್ಬರು ಮೂವರು, ಯಾಕೆಂದರೆ ಪಾತ್ರಕ್ಕೆ ದುಡ್ಡು ಕಟ್ಟಿ ಆಡುವವರು ಊರಿನ ತುಂಬ ಇದ್ದಾರೆ. ಪ್ರತಿ ಹೆಸರಿನ ಪಕ್ಕ ಪಾಸ್‌ಪೋರ್ಟ್ ಸೈಜಿನ ಫೋಟೊ, ತಂದೆಯ ಹೆಸರು. ಆಮೇಲೆ ಹಾರ್ಮೋನಿಯಂ ಮಾಸ್ತರರು, ದ್ರೌಪದಿ ಉತ್ತರೆಯರಿಗೆ ಬೇರೆ ಊರಿಂದ ಬರುವ ಕಲಾವಿದೆಯರು, ಡ್ರಾಮಾ ಸೀನರಿಯವರ ವಿಳಾಸ. ಅಡಿಯಲ್ಲಿ ಅನ್ನಸಂತರ್ಪಣೆಯ ಹೊತ್ತು. ಕಾಲಿಡಲು ಜಾಗವಿಲ್ಲದಷ್ಟು ಅಕ್ಷರ. ವಿನ್ಯಾಸದ ಪಾಠ ಹೇಳುವ ಮೇಷ್ಟ್ರು ಇದಕ್ಕೆ ಸೊನ್ನೆ ಕೊಡುತ್ತಾರೆ.

ಆದರೆ ಈ ಕಾಗದವನ್ನು ಯಾರೂ ಎಸೆಯುವುದಿಲ್ಲ. ಭೀಮನ ಪಾತ್ರದ ಹುಡುಗ ಅದನ್ನು ಸ್ಟೇಟಸ್‌ಗೆ ಹಾಕುತ್ತಾನೆ, ಅವನ ತಾಯಿ ಗೋಡೆಗೆ ಅಂಟಿಸುತ್ತಾಳೆ, ಪಕ್ಕದೂರಿನವರು ಹೆಸರು ನೋಡಿ ‘ನಮ್ಮ ಭಾವ ಶಕುನಿ ಆಗವ್ನೆ ಕಣ್ಲಾ’ ಎನ್ನುತ್ತಾರೆ. ಓದುಗನ ಹೆಸರು, ಓದುಗನ ಮುಖ, ಓದುಗ ಬಂದು ನೋಡಬಹುದಾದ ಒಂದು ರಾತ್ರಿ. ಯಾವ ರೂಪತಾರೆಯೂ ಕೊಡದ ಮನರಂಜನೆ ಇದು. ನಮ್ಮ ಡಮ್ಮಿಗಳಲ್ಲಿ ಊರಿನ ಒಬ್ಬ ನಟನೂ ಇಲ್ಲ, ಒಬ್ಬ ಹಾಡುಗಾರನೂ ಇಲ್ಲ. ಇದೇ ಶಿರಾ ತಾಲ್ಲೂಕಿನ ಬರಗೂರಿನಿಂದ ಹೊರಟು ಬರಗೂರು ರಾಮಚಂದ್ರಪ್ಪ ಸಿನಿಮಾ ಮಾಡಿದರು. ಕಾಡುಗೊಲ್ಲರು ಕಾವ್ಯವಾಗಿ ಹಾಡುವ ವೀರ ಜುಂಜಪ್ಪನ ಗುಡ್ಡೆ ಇಲ್ಲೇ ಕಳುವರಹಳ್ಳಿಯಲ್ಲಿದೆ. ಜುಂಜಪ್ಪನನ್ನು ಕಾಮಿಕ್ಸ್ ಮಾಡಿ ಎಂಟು ಪುಟ ಹಾಕಬೇಕೆಂದು ಒಂದು ಡಮ್ಮಿಗೂ ಹೊಳೆಯದೇ ಹೋದದ್ದು ನನಗೆ ಆಶ್ಚರ್ಯ. ಫ್ಯಾಂಟಮ್ ಓದಿ ಬೆಳೆದ ನಾಡಲ್ಲವೇ ನಮ್ಮದು?

ವಿನ್ಯಾಸದ ಬಗ್ಗೆಯೂ ಎರಡು ಮಾತು. ಇಂಗ್ಲಿಷ್ ಪತ್ರಿಕೆ ನೋಡಿ ಸಾಲುಗಳನ್ನು ಒತ್ತಾಗಿ ಕೂರಿಸಿದರೆ ಕನ್ನಡ ಉಸಿರು ಕಟ್ಟುತ್ತದೆ: ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ‘ಸ್ಪರ್ಧೆ’, ‘ಕೃಷ್ಣ’, ‘ರಾಷ್ಟ್ರ’ ಒಂದೇ ಸಾಲಿನಲ್ಲಿ ಬಂದರೆ ಸಾಲಿನ ನಡುವೆ ಜಾಗ ಬೇಕೇ ಬೇಕು. ಇನ್‌ಡಿಸೈನಿನಲ್ಲಿ ವರ್ಲ್ಡ್ ರೆಡಿ ಕಂಪೋಸರ್ ಆಯ್ಕೆ ಮಾಡದೆ ಯೂನಿಕೋಡ್ ಪಠ್ಯ ಸುರಿದರೆ ಒತ್ತುಗಳು ಅಕ್ಷರ ಬಿಟ್ಟು ಬೇರೆ ನಿಲ್ಲುತ್ತವೆ. ಮಕ್ಕಳು ಅದನ್ನು ತಪ್ಪೆಂದೂ ಗುರುತಿಸದೆ ಪ್ರಿಂಟ್ ತೆಗೆದು ತಂದಿರುತ್ತಾರೆ. ಡಮ್ಮಿ ಮೂವತ್ತು ಪುಟವಿರುತ್ತದೆ. ಸೆಂಟರ್ ಪಿನ್ ಹೊಡೆಯುವ ಪತ್ರಿಕೆ ನಾಲ್ಕರ ಲೆಕ್ಕದಲ್ಲಿರಬೇಕು, ಪ್ರೆಸ್ಸಿನವನು ಮೂವತ್ತೆರಡು ಅನ್ನುತ್ತಾನೆ, ಆ ಎರಡು ಪುಟಕ್ಕೆ ಕೊನೆ ಗಳಿಗೆಯಲ್ಲಿ ಇಂಟರ್‌ನೆಟ್ಟಿನಿಂದ ಜೋಕು ಇಳಿಯುತ್ತದೆ. ಬಣ್ಣವಂತೂ ಪ್ರತಿ ಪುಟಕ್ಕೂ ಬೇಕು ಎಂಬ ಹಟ. ಕಪ್ಪು ಬಿಳುಪಿನ ಕಾಗದದ ಮೇಲೆ ‘ಹಾಯ್ ಬೆಂಗಳೂರು!’ ನಾಡೆಲ್ಲ ಓಡಿತು, ಜಾಹೀರಾತು ಮುಟ್ಟದೆ ‘ಲಂಕೇಶ್ ಪತ್ರಿಕೆ’ 1980ರಿಂದ ನಡೆಯಿತು. ಖರ್ಚು ಕಡಿಮೆಯಿದ್ದರೆ ಧೈರ್ಯ ಜಾಸ್ತಿ ಎಂಬ ಪಾಠ ಆ ಎರಡರಲ್ಲೂ ಇದೆ.

ಒಟ್ಟಾರೆ ನನ್ನ ತೀರ್ಪು ಕಠಿಣವೇ. ಈ ಡಮ್ಮಿಗಳಲ್ಲಿ ತಾಂತ್ರಿಕ ಚುರುಕು ಇದೆ, ಚಿತ್ರಗಳ ಆಯ್ಕೆಯಲ್ಲಿ ಕಣ್ಣಿದೆ, ಕೆಲವು ತಲೆಬರಹಗಳು ಹಳೇ ಸಂಪಾದಕರನ್ನೂ ನಗಿಸುತ್ತವೆ. ಆದರೆ ಯಾರಿಗಾಗಿ ಎಂಬ ಪ್ರಶ್ನೆಯಲ್ಲಿ ಎಲ್ಲವೂ ನಪಾಸು. ಅಂಕ ಕೊಡುವ ಮೇಷ್ಟ್ರುಗಳಲ್ಲಿ ಒಂದು ಮನವಿ. ಬೈಂಡು ಹಾಕಿದ ವರದಿಗೆ ಅರ್ಧ ಅಂಕ ಸಾಕು. ಉಳಿದರ್ಧಕ್ಕೆ ಹದಿನಾರು ಪುಟದ ಕಪ್ಪು ಬಿಳುಪು ಸಂಚಿಕೆಯೊಂದನ್ನು ನೂರು ಪ್ರತಿ ಅಚ್ಚು ಮಾಡಿಸಿ, ಹತ್ತು ರೂಪಾಯಿ ಬೆಲೆ ಹಾಕಿ, ಶಿರಾ ಬಸ್ ನಿಲ್ದಾಣದ ಅಂಗಡಿಯಲ್ಲೂ ಮದಲೂರಿನ ಜಾತ್ರೆಯಲ್ಲೂ ಮಾರಲು ಹೇಳಿ. ಎಷ್ಟು ಪ್ರತಿ ಹಿಂದಕ್ಕೆ ಬಂದವು, ಕೊಂಡವರು ಯಾವ ಪುಟ ಮೊದಲು ತೆರೆದರು ಎಂಬುದನ್ನು ಬರೆದು ತಂದವರಿಗೇ ಅಂಕ ಕೊಡಿ.