ಬಾವಿಯ ಬಳಿಯ ಅರೆಜ್ಞಾನ

2021ರ ಡಿಸೆಂಬರ್ 23ರಂದು ಚಿಕ್ಕಬಳ್ಳಾಪುರ ಜಿಲ್ಲೆಯ ಸೂಸೈಪಾಳ್ಯದ ಸಂತ ಜೋಸೆಫರ ದೇವಾಲಯದಲ್ಲಿ ಸಂತ ಅಂತೋಣಿಯವರ ಸ್ವರೂಪಕ್ಕೆ ಹಾನಿ ಮಾಡಲಾಯಿತು. ಮತಾಂತರ ಕುರಿತ ಮಸೂದೆಯನ್ನು ವಿಧಾನಸಭೆ ಅಂಗೀಕರಿಸಿದ್ದೂ ಅದೇ ದಿನ. ಪ್ರಿಯ ಓದುಗರೇ, ಜಂಗಮಕೋಟೆಯಿಂದ ಕಾಲೇಜಿಗೆ ಹೊರಟ ನಿಮ್ಮ ಮಗನನ್ನು ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತ ರೇಷ್ಮೆ ಬೆಳೆಗಾರರ ಮನೆಯ ಗೆಳೆಯ, “ಈ ಅಂತೋಣಿ ಯಾರೋ?” ಎಂದು ಕೇಳಿದ್ದರೆ? “ನಮ್ಮ ಫಾದರನ್ನು ಕೇಳಬೇಕು” ಎಂದಿರುತ್ತಿದ್ದ. ಈ ಅಭ್ಯಾಸವನ್ನು ಮಾಡಿಸಿದವರು ಗುರುಗಳಾದ ನಾವೇ.

ಈ ಮೌನವನ್ನು ಮನಸ್ಸಿನಲ್ಲಿಟ್ಟುಕೊಂಡು, ದಿವಂಗತ ವಿಶ್ವಗುರು ಫ್ರಾನ್ಸಿಸರು 2013ರಲ್ಲಿ ಪ್ರಕಟಿಸಿದ ‘ಶುಭಸಂದೇಶದ ಆನಂದ’ ಪತ್ರದ 120ರಿಂದ 128ರವರೆಗಿನ ಭಾಗವನ್ನು ಮತ್ತೆ ಓದಿದೆ. ಸ್ನಾನದೀಕ್ಷೆ ಪಡೆದ ಪ್ರತಿಯೊಬ್ಬರೂ ಪ್ರೇಷಿತರೇ, ಹೆಚ್ಚಿನ ತರಬೇತಿಗಾಗಿ ಕಾಯುತ್ತ ಕೂರಬೇಕಿಲ್ಲ, ನಮ್ಮ ಅಪೂರ್ಣತೆ ನೆಪವಾಗಬಾರದು ಎನ್ನುತ್ತಾರೆ ಅವರು. ತಾನಿನ್ನೂ ಗುರಿ ಮುಟ್ಟಿಲ್ಲವೆಂದು ಒಪ್ಪಿಕೊಂಡ ಸಂತ ಪೌಲರನ್ನು ಇದಕ್ಕೆ ಸಾಕ್ಷಿಯಾಗಿ ಕರೆಯುತ್ತಾರೆ. ಯೇಸುವಿನೊಡನೆ ಮಾತನಾಡಿದ ಕೂಡಲೇ ಊರಿಗೆ ಓಡಿದ ಸಮಾರ್ಯದ ಸ್ತ್ರೀಯೂ ಅಲ್ಲಿದ್ದಾಳೆ.

ಆದರೆ ಅವರು ಕಂಡದ್ದು ಆಕೆಯ ಆತುರವನ್ನು ಮಾತ್ರ ಎಂದು ನನಗೆ ಅನ್ನಿಸುತ್ತದೆ. ಯೊವಾನ್ನರ ಶುಭಸಂದೇಶದ ನಾಲ್ಕನೆಯ ಅಧ್ಯಾಯವನ್ನು ನಿಧಾನವಾಗಿ ಓದಿ ನೋಡಿ: ಆಕೆ ಘೋಷಿಸುವುದಿಲ್ಲ, ಕೇಳುತ್ತಾಳೆ. ಇವರೇ ಕ್ರಿಸ್ತರಿರಬಹುದೇ ಎಂಬ ಸಂದೇಹ ಆಕೆಯಲ್ಲಿ ಇನ್ನೂ ಇದೆ. ತನಗಾದದ್ದನ್ನು ಹೇಳಿ, ತಿಳಿಯದಿದ್ದುದನ್ನು ಪ್ರಶ್ನೆಯಾಗಿಯೇ ಊರವರ ಮುಂದಿಟ್ಟಳು. ಅವರು ತಾವೇ ಹೋಗಿ ಕೇಳಿ ನಂಬಿದರು. ಹಿಂಜರಿಯುವ ನಮ್ಮ ಯುವಜನರಿಗೆ ಪೌಲರಿಗಿಂತ ಆಕೆಯೇ ಹತ್ತಿರದವಳು. ಆ ಸಂದೇಹಕ್ಕೆ ಪತ್ರದಲ್ಲಿ ಒಂದು ವಾಕ್ಯವಾದರೂ ಇರಬೇಕಿತ್ತು.

ಇನ್ನೊಂದು ಮಾತು. ಮೊದಲು ಗೆಳೆಯನ ಸಂತೋಷ, ಚಿಂತೆಗಳನ್ನು ಆಲಿಸಿ, ಆಮೇಲೆ ದೇವರ ವಾಕ್ಯವನ್ನು ಹೇಳಿ, ಸಂದರ್ಭ ಒದಗಿದರೆ ಚಿಕ್ಕ ಪ್ರಾರ್ಥನೆ ಮಾಡಿರಿ ಎಂಬುದು ಪತ್ರದ ಸಲಹೆ. ಒಳ್ಳೆಯದೇ. ಆದರೆ ನೆರೆಯವರೂ ಕ್ರೈಸ್ತರೇ ಆಗಿರುವ ನಾಡಿನ ವಾಸನೆ ಇದಕ್ಕಿದೆ. ನಮ್ಮಲ್ಲಿ ಬಾಯಿ ಕಟ್ಟುವುದು ಅಜ್ಞಾನವೊಂದೇ ಅಲ್ಲ, ಅನುಮಾನದ ಭಯವೂ ಹೌದು. ಇಲ್ಲಿ ಆಲಿಸುವ ಕೆಲಸ ವರ್ಷಗಟ್ಟಲೆ ನಡೆಯಬೇಕಾದೀತು. ಗೆಳೆಯ ತಾನಾಗಿ ಕೇಳಿದಾಗಲೂ ಸುಮ್ಮನಿರುವುದನ್ನು ಮಾತ್ರ ವಿವೇಕವೆಂದು ನಾನು ಕರೆಯಲಾರೆ.

ಅಂದಹಾಗೆ, ಆ ಅಂತೋಣಿಯವರ ಕಥೆಯೂ ಹೀಗೆಯೇ. 1222ರಲ್ಲಿ ಇಟಲಿಯ ಫೊರ್ಲಿಯಲ್ಲಿ ಗುರುದೀಕ್ಷೆಯ ಸಂದರ್ಭಕ್ಕೆ ಬೋಧಕರು ಯಾರೂ ಸಿದ್ಧರಿರಲಿಲ್ಲ. ಎಲೆಮರೆಯ ಕಾಯಿಯಂತಿದ್ದ ಅವರನ್ನು, ಅವರು ಹಿಂಜರಿದರೂ, ಮೇಲಿನವರು ಎದ್ದು ಮಾತನಾಡಿಸಿದರು. ಅವರು ವಿದ್ವಾಂಸರಾಗಿದ್ದರು ನಿಜ. ಬಸ್ಸಿನ ಹುಡುಗನಿಗೆ ಅಷ್ಟು ವಿದ್ಯೆ ಬೇಡ. ಕಳೆದುಹೋದದ್ದು ಸಿಗಲೆಂದು ತನ್ನ ಅಜ್ಜಿ ಅವರ ಮುಂದೆ ಮೇಣದಬತ್ತಿ ಹಚ್ಚುತ್ತಿದ್ದುದನ್ನು ಅವನು ಬಲ್ಲ. ಅಲ್ಲಿಂದಲೇ ಶುರುಮಾಡಲಿ.